ಗೃಹಸ್ಥರೊಡನೆ ನಾಲ್ಕು ಮಾತು: ನಡುರಾತ್ರಿಯಲ್ಲಿ ನಿಲ್ಲುವ ಯಂತ್ರ



ಚಿತ್ರದುರ್ಗದ ಕಡೆಯಿಂದ ತಾಯಿಯೊಬ್ಬರು ಬರೆದ ಕಾಗದವು ಎರಡು ವಾರಗಳಿಂದಲೂ ನಮ್ಮ ಮೇಜಿನ ಮೇಲೆಯೇ ಇದೆ. ಅವರ ಮಗನು ಮನೆಯ ಒಂದು ಕೋಣೆಯಲ್ಲಿ ಕ್ರಿಪ್ಟೋ ನಾಣ್ಯದ ಗಣಿ ಮಾಡುವ ಯಂತ್ರವೊಂದನ್ನು ಹೂಡಿರುವನಂತೆ. ಅದು ಹಗಲೆಲ್ಲ ಗುಂಯ್‌ಗುಟ್ಟುತ್ತಿದ್ದು ನಡುರಾತ್ರಿಯಲ್ಲಿ ಇದ್ದಕ್ಕಿದ್ದಂತೆ ನಿಂತುಹೋಗುವುದಂತೆ. ಹುಡುಗನು ನಿದ್ರೆಗೆಟ್ಟು ಅದರ ಮುಂದೆ ಕುಳಿತಿರುವನು. ಊಟಕ್ಕೆ ಕರೆದರೆ ಸಿಡುಕುವನು. ಹೊಸ ಭಾಗಗಳನ್ನು ಕೊಳ್ಳುವುದಕ್ಕೆಂದು ಸಾಲದ ಮಾತನ್ನೂ ಆಡುತ್ತಿರುವನು. "ಇದಕ್ಕೆ ಪರಿಹಾರವೇನಾದರೂ ಉಂಟೆ? ಯಂತ್ರಕ್ಕೋ ಮಗನಿಗೋ ಎಂದು ಕೇಳಬೇಡಿರಿ, ಇಬ್ಬರಿಗೂ ಬೇಕು" ಎಂದು ಆ ತಾಯಿಯವರು ಕಾಗದವನ್ನು ಮುಗಿಸಿದ್ದಾರೆ.

ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಮಕ್ಕಳಿಂದ ಒಪ್ಪಿಸಿಕೊಳ್ಳುತ್ತ ಮೂರು ದಶಕಗಳನ್ನು ಕಳೆದು ವಿಶ್ರಾಂತಿ ಪಡೆದಿರುವ ನಮಗೆ ಇಂಥ ಪ್ರಶ್ನೆಯೊಂದು ಬರುವುದೆಂದು ನಾವು ಎಣಿಸಿರಲಿಲ್ಲ. ಈ ಪುಟದಲ್ಲಿ ಇದುವರೆಗೆ ನಾವು ಬರೆದಿರುವುದು ಮಕ್ಕಳ ಓದು, ಕೈಬರಹ, ಮನೆಯ ಜಮಾಖರ್ಚು ಇವುಗಳನ್ನು ಕುರಿತೇ. ಆದರೂ ಆ ಕಾಗದವನ್ನು ಓದಿದೊಡನೆ, 2023ರ ಏಪ್ರಿಲ್ ತಿಂಗಳಿನಲ್ಲಿ ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಕಳೆದ ಕೆಲವು ದಿನಗಳು ನೆನಪಿಗೆ ಬಂದುವು. ಅಲ್ಲಿಯೂ ಇಂಥದೇ ಯಂತ್ರ, ಇಂಥದೇ ವ್ಯಾಧಿ, ಇಂಥದೇ ಸಾಲದ ಮಾತು. ಅಲ್ಲಿ ನಾವು ಕಲಿತುದನ್ನು, ನಾವು ಮಾಡಿದ ತಪ್ಪನ್ನೂ ಮರೆಮಾಚದೆ, ಇಲ್ಲಿ ನಿವೇದಿಸುವೆವು.

ಮೊದಲು ಈ ಗಣಿಯೆಂದರೇನೆಂಬುದನ್ನು ಹೇಳತಕ್ಕದ್ದು ಅವಶ್ಯ. ಇಲ್ಲಿ ಗುದ್ದಲಿಯಿಲ್ಲ, ಹಾರೆಯಿಲ್ಲ. ಲೋಕದ ನಾನಾ ಕಡೆಗಳಲ್ಲಿರುವ ಸಾವಿರಾರು ಕಂಪ್ಯೂಟರುಗಳು ಸೇರಿ ಒಂದೇ ಖಾತೆಪುಸ್ತಕವನ್ನು ಇಟ್ಟುಕೊಂಡಿವೆಯೆಂದು ಭಾವಿಸಿರಿ. ಯಾರು ಯಾರಿಗೆ ಎಷ್ಟು ನಾಣ್ಯ ಕೊಟ್ಟರೆಂಬುದು ಅದರಲ್ಲಿ ದಾಖಲಾಗುವುದು. ಪ್ರತಿಯೊಂದು ಹೊಸ ಪುಟಕ್ಕೂ ಮುದ್ರೆ ಬೀಳಬೇಕು. ಆ ಮುದ್ರೆಯೆಂಬುದು ಒಂದು ಸಂಖ್ಯೆ. ಪುಟದ ಬರಹದೊಡನೆ ಆ ಸಂಖ್ಯೆಯನ್ನು ಸೇರಿಸಿ ಗೊತ್ತಾದ ಗಣಿತಕ್ರಮದಂತೆ ಕಲಸಿದರೆ, ಬರುವ ಫಲವು ನಿಯಮಿತವಾದ ಮಿತಿಗಿಂತ ಕಡಮೆಯಾಗಿರಬೇಕು. ಇಂಥ ಸಂಖ್ಯೆಯನ್ನು ಯುಕ್ತಿಯಿಂದ ಕಂಡುಹಿಡಿಯಲು ದಾರಿಯಿಲ್ಲ. ಒಂದಾದ ಮೇಲೊಂದನ್ನು ಹಾಕಿ ನೋಡುತ್ತ ಹೋಗುವುದೊಂದೇ ಮಾರ್ಗ. ಸೆಕೆಂಡಿಗೆ ಲಕ್ಷೋಪಲಕ್ಷ ಸಲ ಹೀಗೆ ಹಾಕಿ ನೋಡುವ ಕೂಲಿಯ ಕೆಲಸಕ್ಕೇ ಗಣಿಯೆಂದು ಹೆಸರು. ಸಂಖ್ಯೆಯನ್ನು ಮೊದಲು ಕಂಡವನಿಗೆ ಹೊಸ ನಾಣ್ಯವು ಬಹುಮಾನ.

ಇವುಗಳಲ್ಲಿ ಹಿರಿಯದಾದ ಬಿಟ್‌ಕಾಯಿನ್ನಿನ ಮೊದಲ ಪುಟಕ್ಕೆ ಮುದ್ರೆ ಬಿದ್ದದ್ದು 2009ರ ಜನವರಿ 3ರಂದು. ಆಗ ಪುಟವೊಂದಕ್ಕೆ 50 ನಾಣ್ಯಗಳ ಬಹುಮಾನವಿದ್ದಿತು. ಅದು ಕಾಲಕಾಲಕ್ಕೆ ಅರ್ಧವಾಗುತ್ತ ಬಂದು 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಬಿಟ್‌ಕಾಯಿನ್ನಿನ ಗಣಿಯು ಅದಕ್ಕೆಂದೇ ತಯಾರಾದ ವಿಶೇಷ ಯಂತ್ರಗಳ ಪಾಲಾಗಿ ಬಹುಕಾಲವಾಯಿತು. ಮನೆಯ ಹುಡುಗರು ಹೂಡುವುದು ಸಾಮಾನ್ಯವಾಗಿ ಬೇರೆ ನಾಣ್ಯಗಳ ಗಣಿಯನ್ನು. ಅದಕ್ಕೆ ಅವರು ಬಳಸುವುದು ಚಿತ್ರಗಳನ್ನು ಮೂಡಿಸುವುದಕ್ಕಾಗಿ ಹುಟ್ಟಿದ ಗ್ರಾಫಿಕ್ಸ್ ಕಾರ್ಡುಗಳನ್ನು. ಒಂಟಿ ಮನೆಯ ಯಂತ್ರಕ್ಕೆ ಬಹುಮಾನ ದೊರೆಯುವುದು ಲಾಟರಿಯಷ್ಟೇ ದುರ್ಲಭವಾದುದರಿಂದ, ಅನೇಕರು ಒಂದು ಕೂಟವಾಗಿ ಸೇರಿ, ಅವರವರು ಮಾಡಿದ ದುಡಿಮೆಯ ಪಾಲಿಗೆ ತಕ್ಕಂತೆ ಬಹುಮಾನವನ್ನು ಹಂಚಿಕೊಳ್ಳುವರು.

ಇರಲಿ, ಪ್ರಕೃತಕ್ಕೆ ಬರೋಣ. ನಮ್ಮ ಅಕ್ಕನ ಮಗನು ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಒಳ್ಳೆಯ ಹುಡುಗ, ದುಶ್ಚಟಗಳಿಲ್ಲ. ಅವನು 2021ರಲ್ಲಿ ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಸುರಿದು ಆರು ಕಾರ್ಡುಗಳನ್ನು ಕೊಂಡನು. ಅಲ್ಯೂಮಿನಿಯಮ್ಮಿನ ತೆರೆದ ಚೌಕಟ್ಟು. ಕೆಳಗೆ ಒಂದು ಮದರ್‌ಬೋರ್ಡು. ಮೇಲೆ ದಂಡಕ್ಕೆ ಸಾಲಾಗಿ ಬಿಗಿದ ಆರು ಕಾರ್ಡುಗಳು. ಪ್ರತಿಯೊಂದನ್ನೂ ಬೋರ್ಡಿಗೆ ಸೇರಿಸುವ ರೈಸರೆಂಬ ಚಿಕ್ಕ ಹಲಗೆ. ಎಲ್ಲಕ್ಕೂ ವಿದ್ಯುತ್ತನ್ನು ಉಣಿಸುವ 750 ವಾಟಿನ ಒಂದು ಪವರ್ ಸಪ್ಲೈ ಪೆಟ್ಟಿಗೆ. ಇಷ್ಟೇ ಆ ಯಂತ್ರ. ಅದು ಇದ್ದದ್ದು ಅಕ್ಕನು ಮಲಗುವ ಕೋಣೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ. ಅಕ್ಕನ ಪಕ್ಕದಲ್ಲಿ ಮಲಗುವುದು ಅವಳ ಏಳು ವರ್ಷದ ಮೊಮ್ಮಗಳು. ಈ ವಿವರವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು.

ಮೊದಲು ಅವನು ಈಥರ್ ಎಂಬ ನಾಣ್ಯದ ಗಣಿ ಮಾಡುತ್ತಿದ್ದನು. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ಮಿನ ಖಾತೆಪುಸ್ತಕವು ಮುದ್ರೆಯೊತ್ತುವ ಕ್ರಮವನ್ನೇ ಬದಲಾಯಿಸಿತು; ಲೆಕ್ಕದ ಕೂಲಿಯನ್ನು ಬಿಟ್ಟು, ನಾಣ್ಯವನ್ನು ಒತ್ತೆಯಿಟ್ಟವರೇ ಮುದ್ರೆಯೊತ್ತುವ ಏರ್ಪಾಟಾಯಿತು. ಲೋಕದಲ್ಲೆಲ್ಲ ಆ ಕೂಲಿಯಲ್ಲಿದ್ದ ಕಾರ್ಡುಗಳು ಒಂದೇ ದಿನದಲ್ಲಿ ನಿರುದ್ಯೋಗಿಗಳಾದುವು. ನಮ್ಮವನು ಎರಡು ತಿಂಗಳು ಸುಮ್ಮನಿದ್ದು, ಬಳಿಕ ರೇವನ್‌ಕಾಯಿನ್ ಎಂಬ ನಾಣ್ಯಕ್ಕೆ ಯಂತ್ರವನ್ನು ತಿರುಗಿಸಿದನು. ಬೇಸಗೆ ಬಂದೊಡನೆ ಯಂತ್ರವು ರಾತ್ರಿಯಲ್ಲಿ ನಿಲ್ಲತೊಡಗಿತು. ಪರದೆಯ ಮೇಲೆ ಪ್ರತಿಸಲವೂ ಒಂದೇ ವಾಕ್ಯ: ನಾಲ್ಕನೆಯ ಕಾರ್ಡು ಕಾಣದು. ಎಡದಿಂದ ನಾಲ್ಕನೆಯ ಕಾರ್ಡನ್ನು ಅವನು ಬಿಚ್ಚಿದನು, ಧೂಳು ಒರೆಸಿದನು, ಮರಳಿ ಜೋಡಿಸಿದನು, ಎರಡು ವಾರ ಅದರೊಡನೆ ಸೆಣಸಿದನು. ಕೊನೆಗೆ ಆ ಕಾರ್ಡು ಸತ್ತಿತೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳಲು ನಿಶ್ಚಯಿಸಿದನು. ಹಣಕ್ಕೆ ಅಕ್ಕನ ಎರಡು ಬಳೆಗಳನ್ನು ಒತ್ತೆಯಿಡುವ ಮಾತಾಗಿದ್ದಿತು. ಅಕ್ಕನು ಬಳೆಗಳನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟಿದ್ದಳು. ನಾವು ಅಲ್ಲಿಗೆ ಹೋದದ್ದು ಅಂಥ ದಿನದಲ್ಲಿ.

ನಮಗೆ ಯಂತ್ರದ ಗಂಧವಿಲ್ಲ. ಆದರೆ ತರ್ಕಸಂಗ್ರಹವನ್ನು ಓದಿದವರಿಗೆ ಅನ್ವಯವ್ಯತಿರೇಕವೆಂಬ ಮಾತು ಗೊತ್ತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯಲ್ಲಿ ಕಂಡಂತೆ. ಎಲ್ಲಿ ಬೆಂಕಿಯಿಲ್ಲವೋ ಅಲ್ಲಿ ಹೊಗೆಯೂ ಇಲ್ಲ, ಕೆರೆಯಲ್ಲಿ ಕಂಡಂತೆ. ಒಂದು ವಸ್ತುವು ದೋಷಕ್ಕೆ ಕಾರಣವೆನ್ನಬೇಕಾದರೆ, ಅದು ಹೋದ ಕಡೆಗೆ ದೋಷವೂ ಹೋಗಬೇಕು. ಅದನ್ನು ತೆಗೆದರೆ ದೋಷವೂ ತೊಲಗಬೇಕು. "ಈ ಕಾರ್ಡೇ ಅಪರಾಧಿಯೆಂದು ನೀನು ಬಲ್ಲೆಯೋ, ಊಹಿಸಿದೆಯೋ?" ಎಂದು ಕೇಳಿದೆವು. ಅವನು ಸುಮ್ಮನಾದನು. ಒಂದು ನೋಟುಬುಕ್ಕನ್ನು ತರಿಸಿ ಗೆರೆ ಹಾಕಿ ನಾಲ್ಕು ಅಂಕಣಗಳನ್ನು ಮಾಡಿದೆವು: ವೇಳೆ, ಮಾಡಿದ ಬದಲಾವಣೆ, ಕಂಡ ಫಲ, ಕಾರ್ಡುಗಳ ಉಷ್ಣತೆ. ಒಂದು ರಾತ್ರಿಗೆ ಒಂದೇ ಬದಲಾವಣೆಯೆಂಬುದು ನಿಯಮ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ, ರೋಗವು ವಾಸಿಯಾದರೂ ಯಾವ ಮದ್ದಿನಿಂದ ವಾಸಿಯಾಯಿತೆಂಬುದು ತಿಳಿಯದು.

ಮೊದಲನೆಯ ಸಂಜೆಯೇ ಒಂದು ಗುಟ್ಟು ಬಯಲಾಯಿತು. ಪರದೆಯಲ್ಲಿ ಕಾರ್ಡುಗಳ ಎಣಿಕೆಯು ಒಂದರಿಂದ ಮೊದಲಾಗದೆ ಸೊನ್ನೆಯಿಂದ ಮೊದಲಾಗಿದ್ದಿತು. ಆದುದರಿಂದ ಅಲ್ಲಿ ನಾಲ್ಕೆಂದರೆ ಐದನೆಯದು. ಅಷ್ಟು ಮಾತ್ರವಲ್ಲದೆ, ಯಂತ್ರದ ಎಣಿಕೆಯ ಕ್ರಮವು ದಂಡದ ಮೇಲಿನ ಕ್ರಮದಂತೆಯೇ ಇರಬೇಕೆಂಬ ನಿಯಮವೂ ಇಲ್ಲ. ಗುರುತಿಸುವ ಉಪಾಯವು ಸುಲಭ: ಆ ಸಂಖ್ಯೆಯ ಕಾರ್ಡಿನ ಫ್ಯಾನನ್ನು ಮಾತ್ರ ಪೂರ್ಣವೇಗದಲ್ಲಿ ತಿರುಗಿಸಿ, ಯಾವುದು ಬೊಬ್ಬೆಯಿಡುವುದೋ ನೋಡುವುದು. ಹಾಗೆ ಮಾಡಲಾಗಿ ಎಡದಿಂದ ಐದನೆಯದು ಬೊಬ್ಬೆಯಿಟ್ಟಿತು. ಎರಡು ವಾರ ನಿರಪರಾಧಿಯಾದ ನೆರೆಯವನಿಗೆ ಶಿಕ್ಷೆಯಾಗಿದ್ದಿತು.

ಆ ರಾತ್ರಿ ಐದನೆಯ ಸ್ಥಾನದ ಕಾರ್ಡನ್ನು ಎರಡನೆಯ ಸ್ಥಾನಕ್ಕೂ ಎರಡನೆಯದನ್ನು ಐದಕ್ಕೂ ಹಾಕಿದೆವು. ಒಂದೂವರೆ ಗಂಟೆಯ ಸುಮಾರಿಗೆ ಯಂತ್ರವು ನಿಂತಿತು; ದೋಷವು ಕಾರ್ಡಿನೊಡನೆ ಹೋಗದೆ ಐದನೆಯ ಸ್ಥಾನದಲ್ಲಿಯೇ ಉಳಿದಿದ್ದಿತು. ಕಾರ್ಡು ನಿರ್ದೋಷಿ. ಬಳೆಗಳ ಒತ್ತೆಯ ಮಾತು ಅಲ್ಲಿಗೆ ನಿಂತಿತು. ಎರಡನೆಯ ರಾತ್ರಿ ಆ ಸ್ಥಾನದ ರೈಸರನ್ನೂ ಅದರ ತಂತಿಯನ್ನೂ ಬೇರೆಯದಕ್ಕೆ ಬದಲಾಯಿಸಿದೆವು. ಎರಡು ಗಂಟೆ ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ರೈಸರೂ ನಿರ್ದೋಷಿ. ಉಳಿದದ್ದು ಬೋರ್ಡಿನ ಸೀಳು, ವಿದ್ಯುತ್ತಿನ ತಂತಿ ಇವೆರಡೇ. ಮೂರನೆಯ ರಾತ್ರಿಗೆ ಅದನ್ನು ಪರೀಕ್ಷಿಸುವುದೆಂದು ನಾವಿಬ್ಬರೂ ದೊಡ್ಡ ನೈಯಾಯಿಕರಂತೆ ಗಂಭೀರವಾಗಿ ನಿಶ್ಚಯಿಸಿದೆವು.

ಇಲ್ಲಿ ನಮ್ಮ ತಪ್ಪನ್ನು ಹೇಳಬೇಕು. ನಾವು ಹೋದ ದಿನವೇ ಅಕ್ಕನು, "ರಾತ್ರಿಯಲ್ಲಿ ಅರಗು ಸುಟ್ಟಂಥ ವಾಸನೆ ಬರುತ್ತದೆ" ಎಂದಿದ್ದಳು. ಆ ಚೌಕಟ್ಟನ್ನು ಒದ್ದೆಯ ಬಟ್ಟೆಯಿಂದ ಒರೆಸಿದರೆ ಕೈ ಜುಮ್ಮೆನ್ನುವುದೆಂದೂ ಹೇಳಿದ್ದಳು. ನಾವು ನಕ್ಕು, "ಯಂತ್ರವಿರುವ ಕಡೆ ಯಂತ್ರದ ವಾಸನೆ ಇದ್ದೇ ಇರುವುದು" ಎಂದುಬಿಟ್ಟೆವು. ಅನುಮಾನಕ್ಕಿಂತ ಮೊದಲು ಪ್ರತ್ಯಕ್ಷವೆಂದು ಸಾವಿರ ಹುಡುಗರಿಗೆ ಪಾಠ ಹೇಳಿದ ನಮಗೆ, ಅಕ್ಕನ ಮೂಗೂ ಕೈಯೂ ಪ್ರಮಾಣವೆಂದು ತೋರಲಿಲ್ಲ. ಮೂರನೆಯ ಸಂಜೆ ಅವಳು ಬಾಗಿಲಲ್ಲಿ ನಿಂತು, "ಬಂತು ನೋಡಿ ಆ ವಾಸನೆ" ಎಂದಳು. ಈ ಸಲ ನಾವೂ ಮೂಸಿದೆವು. ತತ್ಕ್ಷಣವೇ ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಟಾರ್ಚಿನ ಬೆಳಕಿನಲ್ಲಿ ಯಂತ್ರದ ಬೆನ್ನಿನ ಕಡೆಗೆ ಬಗ್ಗಿ ನೋಡಲಾಗಿ, ಐದನೆಯ ರೈಸರಿಗೆ ವಿದ್ಯುತ್ತನ್ನು ತರುವ ತಂತಿಯ ತುದಿಯ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ, ಒಂದು ಅಂಚಿನಲ್ಲಿ ಕರಗಿ ಬಾಗಿದ್ದಿತು. ಅದರಿಂದ ಒಂದು ಗೇಣು ದೂರದಲ್ಲಿ ಕಿಟಕಿಯ ಪರದೆಯು ತೂಗುತ್ತಿದ್ದಿತು. ಗೋಡೆಯ ಆ ಬದಿಯಲ್ಲಿ ಮಗುವಿನ ಹಾಸಿಗೆ. ಹುಡುಗನು ನೆಲದ ಮೇಲೆ ಕುಳಿತುಬಿಟ್ಟನು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಹೀಗಾದುದಕ್ಕೆ ಕಾರಣವೇನು? ರೈಸರಿನ ಮೂಲಕ ಕಾರ್ಡು 75 ವಾಟಿನವರೆಗೆ ವಿದ್ಯುತ್ತನ್ನು ಸೆಳೆಯಬಹುದು. ಆ ತಂತಿಯ ತುದಿಯಲ್ಲಿದ್ದುದು ಸಾಟಾ ಎಂಬ ಬಗೆಯ ಚಪ್ಪಟೆಯಾದ ಕೊಂಡಿ. ಇದು ಹುಟ್ಟಿದ್ದು ಕಂಪ್ಯೂಟರಿನ ದತ್ತಾಂಶವನ್ನು ಕಾಪಿಡುವ ಡಿಸ್ಕುಗಳಿಗಾಗಿ. ಇದರಲ್ಲಿ 12 ವೋಲ್ಟನ್ನು ಒಯ್ಯುವ ಮುಳ್ಳುಗಳು ಮೂರು. ಒಂದೊಂದರ ಶಕ್ತಿ ಒಂದೂವರೆ ಆಂಪಿಯರು. ಗುಣಿಸಿದರೆ 54 ವಾಟು. ಐವತ್ತನಾಲ್ಕು ಸೇರು ಹೊರುವವನ ತಲೆಯ ಮೇಲೆ ಎಪ್ಪತ್ತೈದು ಸೇರು ಹೊರಿಸಿದಂತಾಯಿತು. ಸಾಲದುದಕ್ಕೆ, ಐದನೆಯ ಮತ್ತು ಆರನೆಯ ರೈಸರುಗಳೆರಡೂ ಪೆಟ್ಟಿಗೆಯಿಂದ ಹೊರಟ ಒಂದೇ ಎಳೆಗೆ ಜೋತುಬಿದ್ದಿದ್ದುವು.

ಹಾಗಾದರೆ 2021ರಿಂದ ಏಕೆ ಸುಡಲಿಲ್ಲ? ಉತ್ತರವು ನಾಣ್ಯದ ಬದಲಾವಣೆಯಲ್ಲಿದೆ. ಈಥರಿನ ಗಣಿತದಲ್ಲಿ ಹೆಚ್ಚಿನ ದುಡಿಮೆಯು ಕಾರ್ಡಿನ ಸ್ಮೃತಿಯದು. ಗಣಿಸುವ ಭಾಗಕ್ಕೆ ವಿದ್ಯುತ್ತನ್ನು ತಗ್ಗಿಸಿದರೂ ಫಲವು ಕುಗ್ಗುತ್ತಿರಲಿಲ್ಲ. ರೇವನ್‌ಕಾಯಿನ್ನಿನ ಗಣಿತವು ಎರಡನ್ನೂ ದುಡಿಸುವುದು. ಮೀಟರಿನಲ್ಲಿ ನೋಡಲಾಗಿ, ಮೊದಲು 530 ವಾಟಿನಲ್ಲಿ ತೃಪ್ತವಾಗಿದ್ದ ಯಂತ್ರವು ಈಗ 740 ವಾಟನ್ನು ಕುಡಿಯುತ್ತಿದ್ದಿತು. ಪೆಟ್ಟಿಗೆಯ ಮೇಲೆ ಬರೆದಿರುವುದು 750. ಹಗಲಿರುಳು ದುಡಿಯುವ ಪೆಟ್ಟಿಗೆಯನ್ನು ಅದರ ಶಕ್ತಿಯ ನೂರಕ್ಕೆ 80ಕ್ಕಿಂತ ಮೇಲೆ ದುಡಿಸಬಾರದೆಂಬುದು ಬಲ್ಲವರ ಮಾತು. ಆ ಲೆಕ್ಕದಲ್ಲಿ 600ಕ್ಕೆ ನಿಲ್ಲಬೇಕಾಗಿದ್ದಿತು. ರಾತ್ರಿಯಲ್ಲಿಯೇ ನಿಲ್ಲುವುದೇಕೆಂಬುದೂ ಈಗ ತಿಳಿಯಿತು. ಸದ್ದಿನಿಂದ ತಾಯಿಯ ನಿದ್ರೆ ಕೆಡಬಾರದೆಂದು ಹುಡುಗನು ರಾತ್ರಿ ಹತ್ತಕ್ಕೆ ಆ ಕೋಣೆಯ ಬಾಗಿಲನ್ನೂ ಕಿಟಕಿಯನ್ನೂ ಮುಚ್ಚುತ್ತಿದ್ದನು. ಯಂತ್ರವು ಕುಡಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳುವುದು. ದಾವಣಗೆರೆಯ ಏಪ್ರಿಲಿನಲ್ಲಿ ಮುಚ್ಚಿದ ಕೋಣೆಯೊಳಗೆ 740 ವಾಟಿನ ಒಲೆಯನ್ನು ಉರಿಸಿದಂತಾಗಿ, ಮೊದಲೇ ಸಡಿಲವಾದ ಕೊಂಡಿಯು ಮತ್ತಷ್ಟು ಕಾದು ಕೈಬಿಡುತ್ತಿದ್ದಿತು. ತಾಯಿಯ ಮೇಲಣ ಅಕ್ಕರೆಯೇ ತಾಯಿಯ ಪಕ್ಕದಲ್ಲಿ ಕೆಂಡವನ್ನು ಮುಚ್ಚಿಟ್ಟಿದ್ದಿತು.

ಮರುದಿನ ವಿದ್ಯುತ್ ಕೆಲಸದವರನ್ನು ಕರೆಸಿದೆವು. ಗೋಡೆಯ ಮೂರು ರಂಧ್ರಗಳ ಸಾಕೆಟ್ಟಿನಲ್ಲಿ ಭೂಮಿಗೆ ಸೇರಬೇಕಾದ ತಂತಿಯು ಸೇರಿಯೇ ಇರಲಿಲ್ಲ! ಅಕ್ಕನ ಕೈ ಜುಮ್ಮೆಂದುದಕ್ಕೆ ಅದೇ ಕಾರಣ. ಅದನ್ನು ಸರಿಪಡಿಸಿ, ಯಂತ್ರಕ್ಕೆ ಅದರದೇ ಆದ 16 ಆಂಪಿಯರಿನ ಸಾಕೆಟ್ಟನ್ನು ಕೊಡಿಸಿ, 30 ಮಿಲಿಯಾಂಪಿಯರಿನ ಸೋರಿಕೆಗೇ ಸರಬರಾಯಿಯನ್ನು ಕಡಿದುಹಾಕುವ ಆರ್‌ಸಿಸಿಬಿ ಎಂಬ ಕಾವಲುಗಾರನನ್ನೂ ಕೂರಿಸಿದೆವು. ರೈಸರುಗಳಿಗೆ ಸಾಟಾ ಕೊಂಡಿಗಳನ್ನೆಲ್ಲ ಕಿತ್ತು, ಪೆಟ್ಟಿಗೆಯಿಂದಲೇ ನೇರವಾಗಿ ಬರುವ ಆರು ಮುಳ್ಳಿನ ಗಟ್ಟಿ ಕೊಂಡಿಗಳನ್ನು ಹಾಕಿಸಿದೆವು. ಪೆಟ್ಟಿಗೆಯ ಹೊರೆಯನ್ನು ಇಳಿಸುವುದಕ್ಕಾಗಿ ಸದ್ಯಕ್ಕೆ ಎರಡು ಕಾರ್ಡುಗಳನ್ನು ನಿಲ್ಲಿಸಿದೆವು. ಯಂತ್ರವನ್ನು ಮಲಗುವ ಕೋಣೆಯ ನೆರೆಯಿಂದ ಹಿತ್ತಿಲ ಕಡೆಯ ಗಾಳಿಯ ಜಗಲಿಗೆ ಸಾಗಿಸಿದೆವು.

ಯಂತ್ರವು ನಿಲ್ಲದೆ ನಡೆಯಿತು. ಆದರೆ ಕೂಟದವರು ಅದರ ದುಡಿಮೆಯ ಪಾಲುಗಳಲ್ಲಿ ಕೆಲವನ್ನು ತಿರಸ್ಕರಿಸುತ್ತಿದ್ದರು. ತಿರಸ್ಕಾರದಲ್ಲಿ ಎರಡು ಬಗೆಯುಂಟು. ಒಂದು ಹಳಸಿದ ಪಾಲು: ಲೆಕ್ಕವು ಸರಿಯಾಗಿದ್ದರೂ ತಡವಾಗಿ ತಲಪಿದ್ದು. ಇದು ಅಂತರ್ಜಾಲದ ಮಾರ್ಗದೋಷ. ನಿಸ್ತಂತು ಸಂಪರ್ಕವನ್ನು ಬಿಟ್ಟು ತಂತಿಯಿಂದ ಸೇರಿಸಿ, ಕೂಟದ ಹತ್ತಿರದ ಸರ್ವರನ್ನು ಆರಿಸಿದರೆ ಕಡಮೆಯಾಗುವುದು. ಇನ್ನೊಂದು ಅಸಿಂಧುವಾದ ಪಾಲು: ಲೆಕ್ಕವೇ ತಪ್ಪು. ಇದು ಕಾರ್ಡನ್ನು ಮಿತಿಮೀರಿ ಓಡಿಸಿದುದರ ಫಲ. ನಮ್ಮ ಹುಡುಗನು ಈಥರಿನ ಕಾಲದಲ್ಲಿ ಸ್ಮೃತಿಯ ವೇಗವನ್ನು ಹೆಚ್ಚಿಸಿ, ಗಣಿಸುವ ಭಾಗದ ವಿದ್ಯುತ್ತನ್ನು ತಗ್ಗಿಸಿದ್ದ ಅಂಕೆಗಳನ್ನೇ ಹೊಸ ನಾಣ್ಯಕ್ಕೂ ಉಳಿಸಿಕೊಂಡಿದ್ದನು. ಒಂದು ಛಂದಸ್ಸಿನ ಗಣಗಳನ್ನು ಇನ್ನೊಂದು ಛಂದಸ್ಸಿಗೆ ಹೊಂದಿಸಿದರೆ ಯತಿಭಂಗವಾಗದೆ ಇರುವುದೆ? ಎಲ್ಲವನ್ನೂ ಕಾರ್ಖಾನೆಯ ಮೂಲಸ್ಥಿತಿಗೆ ತಂದು, ಒಂದು ದಿನ ನಡೆಸಿ, ಬಳಿಕ ಸ್ವಲ್ಪಸ್ವಲ್ಪವಾಗಿ ತಿದ್ದುತ್ತ ಬಂದಾಗ ಅಸಿಂಧುವಾದ ಪಾಲುಗಳು ಇಲ್ಲವಾದುವು.

ಇಂಥ ಯಂತ್ರವುಳ್ಳ ಮನೆಗಳಿಗೆ ಉಪಯೋಗವಾಗಬಹುದಾದ ಇನ್ನು ಕೆಲವು ಮಾತುಗಳನ್ನು ಸಂಗ್ರಹವಾಗಿ ಹೇಳುವೆವು. ಹೊಸ ಯಂತ್ರದಲ್ಲಿ ಮೂರುನಾಲ್ಕು ಕಾರ್ಡುಗಳ ಮೇಲೆ ಕಾಣಿಸದೆ ಹೋದರೆ, ಬೋರ್ಡಿನ ಬಯಾಸ್ ಎಂಬ ಮೂಲವ್ಯವಸ್ಥೆಯಲ್ಲಿ ಅಬೌವ್ 4ಜಿ ಡಿಕೋಡಿಂಗ್ ಎಂಬ ಗುಂಡಿಯನ್ನು ತೆರೆದಿದೆಯೇ ನೋಡಬೇಕು. ವಿಂಡೋಸ್ ಬಳಸುವವರು, ಕಾರ್ಡುಗಳ ಒಟ್ಟು ಸ್ಮೃತಿ ಎಷ್ಟೋ ಅಷ್ಟಕ್ಕಾದರೂ ಕಡಮೆಯಿಲ್ಲದ ಕೃತಕಸ್ಮೃತಿಯನ್ನು ಡಿಸ್ಕಿನಲ್ಲಿ ಮೀಸಲಿಡಬೇಕು. ಆರು ಗಿಗಾಬೈಟಿನ ಆರು ಕಾರ್ಡುಗಳಿಗೆ 36 ಗಿಗಾಬೈಟು. ನಿನ್ನೆಯವರೆಗೆ ನಡೆದ ಯಂತ್ರವು ಇಂದು ಮುಂಜಾನೆ ಕೆಟ್ಟಿದ್ದರೆ, ರಾತ್ರಿಯಲ್ಲಿ ಡ್ರೈವರು ತಾನೇ ತಾನಾಗಿ ಬದಲಾಯಿತೇ ಎಂದು ಮೊದಲು ವಿಚಾರಿಸತಕ್ಕದ್ದು. ಕಾರ್ಡಿನ ಉಷ್ಣತೆಯು 70 ಡಿಗ್ರಿಯ ಒಳಗಿದ್ದರೆ ಕ್ಷೇಮ. 80ನ್ನು ಮೀರಿದರೆ ಧೂಳು, ಫ್ಯಾನು, ಗಾಳಿಯ ದಾರಿ ಇವುಗಳನ್ನು ನೋಡಬೇಕು. ಜಿಡಿಡಿಆರ್6ಎಕ್ಸ್ ಎಂಬ ಸ್ಮೃತಿಯುಳ್ಳ ಕಾರ್ಡುಗಳಲ್ಲಿ ಹೊರಗಣ ಅಂಕೆಯು ತಂಪಾಗಿ ಕಂಡರೂ ಸ್ಮೃತಿಯು 110 ಡಿಗ್ರಿಗೇರಿ ತಾನೇ ವೇಗವನ್ನು ತಗ್ಗಿಸಿಕೊಳ್ಳುವುದುಂಟು. ಎಲ್ಲ ನಿಲುಗಡೆಯೂ ರೋಗವಲ್ಲವೆಂಬುದನ್ನೂ ತಿಳಿದಿರಬೇಕು. ಈಥರಿನ ಗಣಿಗೆ ಬೇಕಾದ ಕೋಷ್ಟಕವು ದಿನೇದಿನೇ ಬೆಳೆದು 2020ರ ಕೊನೆಯಲ್ಲಿ 4 ಗಿಗಾಬೈಟನ್ನು ಮೀರಿದಾಗ, ಅಷ್ಟೇ ಸ್ಮೃತಿಯುಳ್ಳ ಕಾರ್ಡುಗಳು ಯಾವ ದೋಷವೂ ಇಲ್ಲದೆ ನಿಂತುಹೋದುವು. ಅವುಗಳನ್ನು ಬಿಚ್ಚಿ ರಿಪೇರಿಗೆ ಕುಳಿತವರ ಶ್ರಮವು ವ್ಯರ್ಥವಾಯಿತು.

ಕಳ್ಳರ ವಿಚಾರವಾಗಿಯೂ ಒಂದು ಮಾತು. ಗಣಿಯ ತಂತ್ರಾಂಶಗಳನ್ನು ಕಳ್ಳರು ಅನ್ಯರ ಕಂಪ್ಯೂಟರಿನಲ್ಲಿ ಗುಟ್ಟಾಗಿ ಇಡುವುದುಂಟಾದುದರಿಂದ, ವೈರಸ್ ಕಾವಲಿನ ತಂತ್ರಾಂಶವು ಅವುಗಳನ್ನು ಕಂಡೊಡನೆ ಬೊಗಳುವುದು. ಕಾಟ ತಾಳಲಾರದೆ ಹುಡುಗರು ಕಾವಲನ್ನೇ ಕೊಲ್ಲುವರು. ಆಮೇಲೆ ನಿಜವಾದ ಕಳ್ಳನು ಬರುವನು. ಅವನ ಒಂದು ಚಾತುರ್ಯವೇನೆಂದರೆ, ನಾವು ನಕಲು ಮಾಡಿ ಅಂಟಿಸುವ ನಾಣ್ಯಚೀಲದ ವಿಳಾಸವನ್ನು ಅಂಟಿಸುವ ಕ್ಷಣದಲ್ಲಿ ತನ್ನ ವಿಳಾಸಕ್ಕೆ ಬದಲಾಯಿಸುವುದು. ಆದುದರಿಂದ ಅಂಟಿಸಿದ ಮೇಲೆ ಅಕ್ಷರ ಅಕ್ಷರವಾಗಿ ಓದಿನೋಡಬೇಕು. ಚೀಲದ ಕೀಲಿಯಾದ 12 ಅಥವಾ 24 ಪದಗಳನ್ನು ಕಾಗದದಲ್ಲಿ ಬರೆದಿಡಬೇಕಲ್ಲದೆ ಆ ಯಂತ್ರದಲ್ಲಿ ಇಡಕೂಡದು.

ಯಂತ್ರದ ಚಿಕಿತ್ಸೆ ಇಲ್ಲಿಗೆ ಮುಗಿಯಿತು. ಹುಡುಗನು ಸಂತೋಷದಿಂದ, ಇನ್ನು ದೊಡ್ಡ ಪೆಟ್ಟಿಗೆಯೊಂದನ್ನು ತಂದು ಆರೂ ಕಾರ್ಡುಗಳನ್ನು ಓಡಿಸುವೆನೆಂದನು. ಆಗ ನಾವು ಆ ನೋಟುಬುಕ್ಕಿನ ಕೊನೆಯ ಪುಟವನ್ನು ತೆರೆದು, "ನೀನು ಲೆಕ್ಕ ಬರೆಯುವವನು, ಇದನ್ನೂ ಬರೆ" ಎಂದೆವು. 740 ವಾಟು ಇಪ್ಪತ್ತನಾಲ್ಕು ಗಂಟೆ ಓಡಿದರೆ ಹದಿನೇಳೂ ಮುಕ್ಕಾಲು ಯೂನಿಟು. ತಿಂಗಳಿಗೆ 533 ಯೂನಿಟು. ಯೂನಿಟಿಗೆ ಏಳು ರೂಪಾಯಿಯಂತೆ 3,731 ರೂಪಾಯಿ. ಆರೂ ಕಾರ್ಡುಗಳು ನೆಟ್ಟಗೆ ಓಡಿದ ತಿಂಗಳಲ್ಲಿ ಅವನಿಗೆ ಬಂದ ನಾಣ್ಯದ ಬೆಲೆ 2,100 ರೂಪಾಯಿ. 2022ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಇಂಥ ಆಸ್ತಿಯ ಆದಾಯಕ್ಕೆ ನೂರಕ್ಕೆ 30ರಂತೆ ತೆರಿಗೆಯನ್ನು ಗೊತ್ತುಮಾಡಿದರು. ಗಣಿಗಾಗಿ ಮಾಡಿದ ಖರ್ಚನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲವೆಂದು ಸರ್ಕಾರವು ಅದೇ ವರ್ಷದ ಮಾರ್ಚಿಯಲ್ಲಿ ಸಂಸತ್ತಿಗೆ ತಿಳಿಸಿತು. ತೆರಿಗೆಯ 630 ಹೋಗಿ ಉಳಿದದ್ದು 1,470. ತಿಂಗಳಿಗೆ 2,261 ರೂಪಾಯಿ ನಷ್ಟ. ಕಾರ್ಡುಗಳ ಸವೆತ, ರಾತ್ರಿಗಳ ನಿದ್ರೆ ಬೇರೆ.

"ಮುಂದೆ ನಾಣ್ಯದ ಬೆಲೆ ಏರಿದರೆ?" ಎಂದನು. ಪ್ರಶ್ನೆಯು ನ್ಯಾಯವಾದುದೇ. "ಏರುವುದೆಂಬ ನಂಬಿಕೆ ನಿನಗಿದ್ದರೆ, ವಿದ್ಯುತ್ತಿಗೆ ಕೊಡುವ 3,731 ರೂಪಾಯಿಗಳಿಗೆ ಪೇಟೆಯಲ್ಲಿ ಅದೇ ನಾಣ್ಯವು ಇದಕ್ಕಿಂತ ಹೆಚ್ಚಾಗಿ ದೊರೆಯುವುದಲ್ಲವೆ? ಕೊಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಅಗೆದು ತೆಗೆದ ಚಿನ್ನವು ಅಂಗಡಿಯ ಚಿನ್ನಕ್ಕಿಂತ ತುಟ್ಟಿಯಾದರೆ, ಅಗೆಯುವುದೇಕೆ?" ಎಂದೆವು. ಅವನು ಉತ್ತರ ಕೊಡಲಿಲ್ಲ.

ಅಂದೇ ಅವನು ಯಂತ್ರವನ್ನು ನಿಲ್ಲಿಸಿದನೆಂದು ಬರೆದರೆ ಕಥೆಯು ಚೆನ್ನಾಗಿರುವುದು. ಆದರೆ ನಡೆದದ್ದು ಹಾಗಲ್ಲ. ಇನ್ನೂ ಎರಡು ತಿಂಗಳು ನಾಲ್ಕು ಕಾರ್ಡುಗಳಿಂದ ಓಡಿಸಿ, ಪ್ರತಿವಾರವೂ ಲೆಕ್ಕ ಬರೆದು, ಜೂನಿನ ಕೊನೆಯಲ್ಲಿ ತಾನಾಗಿಯೇ ನಿಲ್ಲಿಸಿದನು. ಅದೇ ವರ್ಷದ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದು, ತಿಂಗಳಿಗೆ 200 ಯೂನಿಟನ್ನು ಮೀರಿದ ಮನೆಯು ಪೂರ್ತಿ ಬಿಲ್ಲನ್ನು ತೆರಬೇಕೆಂಬ ನಿಯಮವಾದಾಗ, "ಮಾವ, ಸಕಾಲಕ್ಕೆ ನಿಲ್ಲಿಸಿದೆ" ಎಂದು ಹೇಳಿ ಕಳುಹಿಸಿದನು. ಐದು ಕಾರ್ಡುಗಳನ್ನು, ಗಣಿಯಲ್ಲಿ ದುಡಿದವೆಂಬುದನ್ನು ಕೊಳ್ಳುವವರಿಗೆ ಮುಚ್ಚಿಡದೆ, ಸಿಕ್ಕಿದ ಬೆಲೆಗೆ ಮಾರಿದನು. ಹಾಕಿದ ಹಣದ ಅರ್ಧವೂ ಹಿಂದಿರುಗಲಿಲ್ಲ. ಉಳಿದ ಒಂದು ಕಾರ್ಡು ಮನೆಯ ಕಂಪ್ಯೂಟರಿನಲ್ಲಿದ್ದು, ಮಗುವು ಅದರಲ್ಲಿ ಚಿತ್ರ ಬರೆಯುತ್ತಿರುವಳು. ಅಕ್ಕನ ಬಳೆಗಳು ಅಕ್ಕನ ಕೈಯಲ್ಲಿಯೇ ಇವೆ.

ಚಳಿಯ ದೇಶಗಳಲ್ಲಿ, ಯಂತ್ರದ ಶಾಖವೇ ಮನೆಯನ್ನು ಬೆಚ್ಚಗಿಡುವ ಕಡೆಗಳಲ್ಲಿ, ಅಥವಾ ವಿದ್ಯುತ್ತು ಬಹಳ ಅಗ್ಗವಾಗಿರುವ ಕಡೆಗಳಲ್ಲಿ ಲೆಕ್ಕವು ಬೇರೆಯಾಗಬಹುದು. ಆದುದರಿಂದ ನಮ್ಮ ಅಂಕೆಗಳನ್ನು ಯಾರೂ ಸಿದ್ಧಾಂತವೆಂದು ಎಣಿಸಬಾರದು. ಅವರವರ ಬಿಲ್ಲು, ಅವರವರ ಬೆಲೆ ಇವುಗಳನ್ನಿಟ್ಟು ಅವರವರೇ ಲೆಕ್ಕ ಹಾಕತಕ್ಕದ್ದು.

ಕಾಗದ ಬರೆದ ತಾಯಿಯವರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಇಂದೇ ಆ ಕೋಣೆಗೆ ಹೋಗಿ ಮೂಸಿ ನೋಡಿರಿ. ಸುಟ್ಟ ವಾಸನೆ ಬಂದರೆ ಮಗನನ್ನು ಕೇಳುವುದಕ್ಕಿಂತ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿರಿ. ಕಿಡಿ ಕಂಡರೆ ಮೇನ್ ಸ್ವಿಚ್ಚನ್ನು ಇಳಿಸಿರಿ, ನೀರು ಮಾತ್ರ ಎರಚಬೇಡಿರಿ. ಭೂಮಿಯ ತಂತಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿರಿ. ಮಲಗುವ ಕೋಣೆಯಿಂದ ಯಂತ್ರವನ್ನು ದೂರ ಇಡಿಸಿರಿ. ಅನಂತರ ಒಂದು ನೋಟುಬುಕ್ಕನ್ನು ಹಿಡಿದು ಮಗನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವನು ಒಂದು ರಾತ್ರಿಗೆ ಒಂದೇ ಬದಲಾವಣೆಯನ್ನು ಮಾಡಲಿ; ನೀವು ಬರೆದುಕೊಳ್ಳಿರಿ. ಯಂತ್ರವು ನೆಟ್ಟಗಾದ ದಿನ, ಆ ಪುಸ್ತಕದ ಕೊನೆಯ ಪುಟವನ್ನು ಅವನ ಮುಂದೆ ತೆರೆದಿಡಿರಿ. ಬೈಗುಳಕ್ಕೆ ಕಿವಿ ಮುಚ್ಚಿಕೊಂಡ ಮಗನು ತನ್ನ ಕೈಯಾರೆ ಬರೆದ ಲೆಕ್ಕಕ್ಕೆ ಕಣ್ಣು ಮುಚ್ಚಲಾರನು.

ಮುಂದಿನ ಸಂಚಿಕೆಯಲ್ಲಿ, ಅನೇಕ ವಾಚಕರ ಅಪೇಕ್ಷೆಯಂತೆ, ಮನೆಯ ಹಳೆಯ ಪುಸ್ತಕಗಳನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡುವ ವಿಚಾರವಾಗಿ ಬರೆಯುವೆವು.